ಆರನೆಯ ಕೀಲಿಕೈ

ಡೊಂಬಿವಲಿ ಪೂರ್ವದ ಸೇತುವೆ ಇಳಿದರೆ
ಛತ್ರಿ ರಿಪೇರಿಯವನ ಪಕ್ಕ ಒಂದು ಮಡಚುವ ಮೇಜು.
ಅಲ್ಲಿ ಕೂರುವ ಹಕೀಕತ್ ಸಿಂಗ್ ನನ್ನ ಕಂಡೊಡನೆ
ಏನೂ ಕೇಳದೆ ಅರ ಕೈಗೆತ್ತಿಕೊಳ್ಳುತ್ತಾನೆ.
ಈ ವರ್ಷ ಇದು ಆರನೆಯದು.

ಮೊದಲನೆಯದು ತರಕಾರಿ ಸಿಪ್ಪೆಯ ಜೊತೆ ಹೋಯಿತು.
ಎರಡನೆಯದನ್ನು ರಾತ್ರಿಯಿಡೀ ಬಾಗಿಲಿಗೇ ಬಿಟ್ಟಿದ್ದೆ, ಹೊರಗಡೆ;
ಬೆಳಗಾದಾಗ ಅದಿರಲಿಲ್ಲ, ಕಳ್ಳನೂ ಬರಲಿಲ್ಲ.
ಮೂರನೆಯದು...
ತಡೆಯಿರಿ, ಆ ಹುಡುಗಿಯ ಚಪ್ಪಲಿಯ ಪಟ್ಟಿ ಬಿಚ್ಚಿದೆ,
ಮೆಟ್ಟಿಲಲ್ಲಿ ಎಡವುತ್ತಾಳೆ.

ಕರೆಂಟು ಬಿಲ್ಲಿಗೆ ದುಡ್ಡಿತ್ತು. ನಾಚಿಕೆ ಅದರದೇ.
ಇಲ್ಲದವರು ಕಟ್ಟದಿದ್ದರೆ ಬಡತನ ಅನ್ನುತ್ತಾರೆ,
ಇದ್ದೂ ಕಟ್ಟದವಳಿಗೆ?
ಫೋನು ತೆರೆದು ಅರ್ಧ ಸಂಖ್ಯೆ ಒತ್ತಿದ್ದೆ,
ಎ.ಸಿ.ಯ ಹಿಂದೆ ಪಾರಿವಾಳ ಮೊಟ್ಟೆಯಿಟ್ಟಿತ್ತು.
ಎಷ್ಟು ದಿನ ಕಾವು ಕೂರುತ್ತದೆಂದು ಹುಡುಕಿದೆ:
ಹದಿನೆಂಟು.
ಹತ್ತೊಂಬತ್ತನೆಯ ದಿನ ಲೈನ್‌ಮನ್ ಬಂದ.

ವಿಲಾಸ ಮೇಣದಬತ್ತಿಯಲ್ಲಿ ಉಂಡ. ಬೈಯಲಿಲ್ಲ.
ಚಮಚ ತಟ್ಟೆಗೆ ತಾಗುವ ಸದ್ದು ಮಾತ್ರ
ತುಸು ಜೋರಿತ್ತು.

ವಿಜಯಪುರದಿಂದ ಅವ್ವನದು
ಮೂವತ್ತೈದು ವರ್ಷದ ಒಂದೇ ಪ್ರಶ್ನೆ:
“ಅನಸೂಯಾ, ನಿನ್ನ ಗ್ಯಾನ ಎಲ್ಲೈತಿ?”
ಎಲ್ಲಾ ಕಡೆ ಐತವ್ವಾ, ತ್ರಾಸು ಅದೇ.
ಎದುರಿನ ಸೀಟಿನವಳ ಬಳೆಯೊಳಗೈತಿ,
ಪಂಖದ ಕಟಕಟದಾಗೈತಿ,
ನೀ ಆಡಿದ ಮಾತಿನ ಮೂರನೇ ಶಬ್ದದಾಗ ಕುಂತೈತಿ,
ಉಳಿದದ್ದು ನನಗ ಕೇಳಲೇ ಇಲ್ಲ.
ತೂತುಬಿದ್ದ ಜೋಳದ ಚೀಲ ಹೊತ್ತು ನಡೆದ ಹಾಂಗ
ದಾರಿ ತುಂಬ ಐತಿ, ಮನಿಗೆ ಮುಟ್ಟಿಲ್ಲ.

ದಾದರಿನಲ್ಲಿ ಇಳಿಯಬೇಕಾದವಳು
ಎಷ್ಟೋ ಸಲ ರೈಲಿನ ಕೊನೆಯ ತನಕ ಹೋಗಿದ್ದೇನೆ,
ನಿದ್ದೆಯಿಂದಲ್ಲ.
ಮೂರು ನೌಕರಿ ನಾನು ಬಿಟ್ಟೆ, ಎರಡು ನನ್ನನ್ನು ಬಿಟ್ಟವು.
ಬೇಜವಾಬ್ದಾರಿ, ತಿಕ್ಕಲು, ಅಹಂಕಾರಿ,
ಇಷ್ಟು ಬುದ್ಧಿ ಇದ್ದೂ, ಇಷ್ಟು ಬುದ್ಧಿ ಇದ್ದೂ.

ಆದರೆ ಆ ಜುಲೈ, ನೀರು ನೆಲಮಹಡಿಗೆ ನುಗ್ಗಿದ ರಾತ್ರಿ
ಇಡೀ ಬಿಲ್ಡಿಂಗು ಕೂಗುತ್ತಿದ್ದಾಗ
ನನ್ನ ತಲೆಯೊಳಗೆ ಯಾರೋ ರೇಡಿಯೋ ಆರಿಸಿದರು.
ಮೀಟರು ಬಂದ್ ಮಾಡಿದೆ. ಪರಾಂಜಪೆ ಅಜ್ಜಿಯನ್ನು
ಕುರ್ಚಿ ಸಮೇತ ಮೇಲೆ ಹೊರಿಸಿದೆ.
ಅವಳ ಇನ್ಸುಲಿನ್ ಡಬ್ಬಿ ಮರೆಯಲಿಲ್ಲ.
ನಾನು. ಮರೆಯಲಿಲ್ಲ.
ಮರುದಿನ ಎಲ್ಲರೂ ಕೈಮುಗಿಯಲು ಬಂದಾಗ
ಒಂದು ಚಪ್ಪಲಿ ಹುಡುಕುತ್ತಿದ್ದೆ.

ಋಜುತಾಳ ಶಾಲೆಯಿಂದ ಒಂದು ಪಟ್ಟಿ ಬಂತು,
ಪಾಲಕರು ತುಂಬಿಸಿ ಕೊಡಬೇಕಾದದ್ದು.
‘ಎಂದೂ ಇಲ್ಲ’ದಿಂದ ‘ಯಾವಾಗಲೂ’ ತನಕ ಖಾನೆಗಳು.
ಮಗಳಿಗೆಂದು ಗೀಟು ಹಾಕುತ್ತ ಹೋದೆ.
ಐದನೆಯ ಪ್ರಶ್ನೆಗೆ ಬಂದಾಗ
ನನ್ನ ಎಂಟನೇ ಇಯತ್ತೆಯ ಬೆಂಚಿನ ಮೇಲೆ ಕೂತಿದ್ದೆ,
ಕೈಮೇಲೆ ಮಾಸ್ತರರ ಸ್ಕೇಲು.
ಇದಕ್ಕೊಂದು ಹೆಸರಿದೆಯಂತೆ,
ದೊಡ್ಡವರಿಗೂ ಇರುತ್ತದಂತೆ.
ಠಾಣೆಯ ಡಾಕ್ಟರು ಮೂರು ತಿಂಗಳ ಮುಂದಿನ
ಒಂದು ಗುರುವಾರ ಕೊಟ್ಟರು.
ಆ ಗುರುವಾರ ಕಳೆದು ಇವತ್ತಿಗೆ ಒಂಬತ್ತು ದಿನ.

ಅರದ ಕರಕರ ನಿಂತಿದೆ.
ಹಕೀಕತ್ ಸಿಂಗ್ ಒಂದಲ್ಲ, ಎರಡು ಮಾಡಿದ್ದಾನೆ.
ಒಂದು ನನ್ನ ಕೈಗೆ. ಇನ್ನೊಂದನ್ನು
ತನ್ನ ದೊಡ್ಡ ಕಬ್ಬಿಣದ ಬಳೆಗೆ ಪೋಣಿಸಿ ಕೆಂಪು ದಾರ ಕಟ್ಟುತ್ತಾನೆ.
“ಇದು ಇಲ್ಲೇ ಇರಲಿ, ಅಕ್ಕಾ.”
ವಿಲಾಸನಿಗೆ ಹೇಳಿದರೆ ಹುಚ್ಚಿ ಅಂದಾನು.
ನನಗೋ, ನಲವತ್ತು ವರ್ಷದಲ್ಲಿ ಮೊದಲ ಸಲ
ಯಾರೋ ನನ್ನ ಮರೆವನ್ನು ಬೈಯದೆ
ಮೊಳೆಗೆ ನೇತುಹಾಕಿದಂತೆ ಅನ್ನಿಸಿ
ಗಂಟಲು ಕಟ್ಟಿತು.

ದುಡ್ಡಿಗೆಂದು ಪರ್ಸು ತೆರೆದರೆ ಗುರುವಾರದ ಚೀಟಿ.
ಅಲ್ಲೇ, ಫುಟ್‌ಪಾತಿನಲ್ಲೇ ನಿಂತು ನಂಬರು ಒತ್ತಿದೆ,
ಇನ್ನೊಂದು ಪಾರಿವಾಳ ಕಾಣುವ ಮೊದಲು.
“ಹೋಲ್ಡ್ ಮಾಡಿ” ಅಂದಿತು ಒಂದು ದನಿ.
ಮಾಡಿದ್ದೇನೆ. ಎರಡೂ ಕೈಯಲ್ಲಿ.
ಪಕ್ಕದಲ್ಲಿ ಛತ್ರಿಯವನು ಕಡ್ಡಿ ಕೂಡಿಸಿ ಮುಗಿಸಿ
ನೋಡೋಣವೆಂದು ಒಂದು ಹಳದಿ ಛತ್ರಿ
ಬಿಚ್ಚುತ್ತಿದ್ದಾನೆ.